ನಾಲ್ಕು ಹುಂಜ, ನಾಲ್ಕು ಗೂಡು

ಹುಂಜಗಳನ್ನು ಬೇರೆ ಬೇರೆ ಇಟ್ಟಿದ್ದೇ ಜಯಪ್ರಕಾಶನ ಕುತ್ತಿಗೆಗೆ ಬಂತು.

ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ, ಮನೆಯ ಹಿತ್ತಲಲ್ಲಿ ನಾಟಿಕೋಳಿ. ಮಹಾ ಪುಕ್ಕಲ. ಜೇಬಿನಲ್ಲಿ ಟಿಕೆಟ್ ಇದ್ದರೂ ಕಂಡಕ್ಟರನ್ನು ಕಂಡರೆ ಬೆವರುತ್ತಿದ್ದ. ಅಂಥವನು ಮೂರು ವರ್ಷ ಒದ್ದಾಡಿ ನಾಲ್ಕು ತಳಿ ಕಟ್ಟಿದ್ದ. ತಳಿ ಬೆರೆಯಬಾರದು, ಹುಂಜಗಳು ಕಚ್ಚಾಡಬಾರದು ಎಂದು ಮೆಕ್ಯಾನಿಕ್ ಗೌಸ್ ಪೀರ್ ಕೈಲಿ ನಾಲ್ಕು ಜಾಲರಿ ಗೂಡು ಮಾಡಿಸಿ, ಒಂದೊಂದರಲ್ಲಿ ಒಂದು ಹುಂಜ, ಎಂಟು ಹೇಂಟೆ ಬಿಟ್ಟಿದ್ದ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಮಹದೇವು ಏದುಸಿರು ಬಿಡುತ್ತಾ ಬಂದ.

"ಲೇ ಜಯ, ಪೊಲೀಸ್ ಜೀಪು ಬತ್ತಾ ಅದೆ ಕಣ್ಲಾ! ಡೈರಿತಾವ ನಿಲ್ಸಿ, ಉಂಜಗಳ್ನ ಬ್ಯಾರೆ ಬ್ಯಾರೆ ಕೂಡಾಕಿರೋ ಮನೆ ಯಾವ್ದು ಅಂತ ಕೇಳ್ತಾವ್ರೆ."

"ಯಾಕಂತ್ಲಾ?"

"ಇನ್ಯಾಕೆ? ಉಂಜನ ಅಂಗೆ ಸಾಕೋರು ಕೋಳಿ ಜೂಜ್ನೋರು ತಾನೆ? ಮಳವಳ್ಳಿ ಕಡೆ ಓದ್ ವಾರ ಆರು ಜನುನ್ನ ಎತ್ತಾಕ್ಕೊಂಡೋದ್ರಂತೆ."

"ನಾನು ತಳಿಗೆ ಸಾಕಿರದು ಕಣ್ಲಾ!"

"ಅದ್ನ ಟೇಸನ್ನಲ್ಲಿ ಏಳು. ಬಿರ್ನೆ ಎಲ್ಲಾನೂ ಒಂದೇ ಗೂಡ್ಗೆ ತುಂಬು. ಮನೇಲಿ ತಿನ್ನಾಕೆ ಸಾಕಿರಂಗೆ ಕಾಣ್ಲಿ."

ಒಂದು ಸಲ ಬೆರೆತರೆ ವಾರಗಟ್ಟಲೆ ಯಾವ ಮೊಟ್ಟೆ ಯಾವ ಹುಂಜದ್ದೆಂದು ಹೇಳುವಂತಿಲ್ಲ. ಮೂರು ವರ್ಷದ ದುಡಿಮೆ ನೀರುಪಾಲು. ಅಷ್ಟರಲ್ಲಿ ತಿರುವಿನಲ್ಲಿ ಜೀಪಿನ ಹಾರನ್ ಕೇಳಿತು. ಜಯಪ್ರಕಾಶ ಗೂಡುಗಳತ್ತ ಓಡಿದ.

"ಬ್ಯಾಡ ಕಣ್ರೀ, ಕಿತ್ತಾಡಿ ಸಾಯ್ತವೆ!" ಎಂದು ಹೆಂಡತಿ ದೀಪಿಕ ಒಳಗಿಂದ ಓಡಿಬರುವಷ್ಟರಲ್ಲಿ ನಾಲ್ಕೂ ಗೂಡಿನ ಚಿಲಕ ತೆಗೆದಾಗಿತ್ತು.

ಮೂರು ವರ್ಷ ಜಾಲರಿಯ ಆಚೆಯಿಂದಲೇ ಬೈದಾಡಿಕೊಂಡಿದ್ದ ಹುಂಜಗಳಿಗೆ ಕೊನೆಗೂ ಮುಖಾಮುಖಿ ಭೇಟಿ. ಕೆಂಪು ಹುಂಜ ಕರಿಯದರ ಮೇಲೆ ಹಾರಿತು, ಉಳಿದೆರಡು ಹುಂಜ ಬಿಳಿ ಪುಕ್ಕ ಹಾರಿಸಿಕೊಂಡು ಕಲ್ಲುಚಪ್ಪಡಿಯ ಮೇಲೆ ಉರುಳಾಡಿದವು. ಮೂವತ್ತೆರಡು ಹೇಂಟೆಗಳು ಕಿರುಚುತ್ತಾ ಚೆದುರಿದವು. ಗಲಾಟೆಗೆ ಅರ್ಧ ಬೀದಿ ಬೇಲಿಯ ಮೇಲೆ ಬಂದು ಜೋತುಬಿತ್ತು.

"ಕೆಂಪುಂದ್ರ ಮ್ಯಾಲೆ ನೂರು!" ಎಂದು ಮಹದೇವು ತಾನು ಬಂದ ಕೆಲಸವನ್ನೇ ಮರೆತು ನೋಟು ಎಸೆದ.

"ನಂದು ಕರಿದ್ರ ಮ್ಯಾಲೆ ಇನ್ನೂರು ಕಣ್ಲಾ!" ಎದುರುಮನೆಯ ಮಾಯಮ್ಮಜ್ಜಿ ಸೆರಗಿನ ಗಂಟು ಬಿಚ್ಚಿದಳು.

"ಸುಮ್ಕಿರವ್ವಾ, ನಿನ್ ಕಾಲ್ಗೆ ಬೀಳ್ತೀನಿ!" ಜಯಪ್ರಕಾಶ ಅಳುತ್ತಾ ಎರಡೂ ಕಂಕುಳಲ್ಲಿ ಒಂದೊಂದು ಹುಂಜ ಅವುಚಿಕೊಂಡು ತಿರುಗಿದ. ಎದುರಿಗೆ ಇನ್‌ಸ್ಪೆಕ್ಟರ್ ನಿಂತಿದ್ದರು.

"ತಿನ್ನಾಕೆ ಸಾಕಿರದು ಸಾರ್! ಜೂಜ್ಗಲ್ಲ ಸಾರ್!"

ಇನ್‌ಸ್ಪೆಕ್ಟರ್ ನೆಲದ ಮೇಲಿನ ನೋಟುಗಳನ್ನು ಆರಿಸಿಕೊಂಡರು. ಅವರ ಮುಖದಲ್ಲಿ ಸಿಟ್ಟಿಗಿಂತ ಬೇಜಾರೇ ಹೆಚ್ಚಿತ್ತು.

"ಮುಂದಿನ ತಿಂಗಳು ನಾನು ರಿಟೈರ್ ಆಗ್ತೀನಿ ಕಣ್ರೀ. ಕೋಳಿ ಸಾಕೋಣ ಅಂತ ಆಸೆ. ಮನೇಲಿರೋ ಎರಡು ಹುಂಜ ದಿನಾ ಕಚ್ಚಾಡ್ತವೆ. ನೀವು ಬೇರೆ ಬೇರೆ ಗೂಡು ಮಾಡಿ ಜಗಳ ಇಲ್ಲದ ಹಾಗೆ ಸಾಕ್ತೀರಿ ಅಂತ ಜೀಪ್ ರಿಪೇರಿ ಮಾಡೋ ಗೌಸ್ ಪೀರ್ ಹೇಳಿದ. ನೋಡಿ ಕಲಿಯೋಣ ಅಂತ ಬಂದೆ."

ಜಯಪ್ರಕಾಶ ಕಂಕುಳ ಹುಂಜಗಳನ್ನು ಇನ್ನೂ ಗಟ್ಟಿಯಾಗಿ ಅವುಚಿಕೊಂಡ.

"ಈಗ ಕಣ್ಣಾರೆ ನೋಡಿದ ಮೇಲೆ ಸುಮ್ಮನೆ ಹೋಗೋಕಾಗುತ್ತಾ? ಹತ್ತಿ ಜೀಪು. ನೂರು ಎಸೆದೋನೂ ಹತ್ತಲಿ. ನಾಲ್ಕೂ ಹುಂಜಗಳು ಬರಲಿ, ಅವು ಸಾಕ್ಷಿ."

ಠಾಣೆಯ ಬೆಂಚಿನ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಹುಟ್ಟಿದಾಗಿನಿಂದ ಯಾರಿಗೂ ಗದರದ ಜಯಪ್ರಕಾಶ ಮಹದೇವುವಿನ ಕೊರಳಪಟ್ಟಿ ಹಿಡಿದ.

"ನಿನ್ನಿಂದ ಕಣ್ಲಾ, ನನ್ ತಳಿ ಆಳಾಗೋಯ್ತು!"

"ನಾನು ಏಳುದ್ರೆ ನಿಂಗೆ ಬುದ್ಧಿ ಬ್ಯಾಡ್ವೇನ್ಲಾ?"

ಇಬ್ಬರೂ ಬೆಂಚಿನಿಂದ ಕೆಳಗೆ ಉರುಳಿದರು. ಒಳಗೆ ಹುಂಜಗಳೂ ಮತ್ತೆ ಶುರುಮಾಡಿದವು.

"ಇವರಿಬ್ಬರನ್ನೂ ಬೇರೆ ಬೇರೆ ಹಾಕಯ್ಯಾ!" ಇನ್‌ಸ್ಪೆಕ್ಟರ್ ಕೂಗಿದರು.

"ಎಲ್ಲಿಗೆ ಹಾಕ್ಲಿ ಸಾರ್?" ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ. "ಇರೋದು ಒಂದೇ ಲಾಕಪ್ಪು. ಅದ್ರಲ್ಲಿ ಹುಂಜ ಅವೆ."

ಇನ್‌ಸ್ಪೆಕ್ಟರ್ ಒಮ್ಮೆ ಲಾಕಪ್ಪಿನ ಕಡೆ, ಒಮ್ಮೆ ನೆಲದ ಕಡೆ ನೋಡಿದರು.

"ಆ ಗೌಸ್ ಪೀರ್‌ಗೆ ಫೋನ್ ಮಾಡು. ಆರು ಗೂಡು ಬೇಕು ಅನ್ನು."