ತಾಲೀಮಿನ ಮಣ್ಣಲ್ಲಿ ಹೂತ ಜೀಪಿನವರ ಸನ್ನಿಧಿಗೆ

ಘೋಣಸಗಿ,
ಉತ್ತರಿ ಮಳೆಯ ಸುಮಾರು, ೧೯೭೪

ಗೆ,
ದುಶ್ಚಟ ನಿವಾರಣಾ ಪ್ರಚಾರ ಸಮಿತಿಯ ಜೀಪಿನವರು,
ಸದ್ಯದ ಮುಕ್ಕಾಂ: ನಮ್ಮೂರ ತಾಲೀಮಿನ ಕೆಸರು

ಮಾನ್ಯರೇ,

ತಮ್ಮ ನಾಲ್ಕೂ ಗಾಲಿಗಳಿಗೆ, ಅವುಗಳಲ್ಲಿ ಇನ್ನೂ ಕಣ್ಣಿಗೆ ಕಾಣುವ ಮುಂದಿನ ಎರಡಕ್ಕೆ ವಿಶೇಷವಾಗಿ, ತಮ್ಮ ನೆತ್ತಿಯ ಮೇಲೆ ಕಿರೀಟದ ಹಾಗೆ ಕೂತಿರುವ ಧ್ವನಿವರ್ಧಕಕ್ಕೆ ಹಾಗೂ ಒಂದು ಕಣ್ಣು ಹೋದರೂ ಇನ್ನೊಂದರಿಂದ ಲೋಕವನ್ನು ನೋಡುತ್ತಿರುವ ತಮ್ಮ ದೀಪಕ್ಕೆ ಊರ ಹೆಣ್ಣುಮಕ್ಕಳೆಲ್ಲರ ಪರವಾಗಿ ಅನಂತ ನಮಸ್ಕಾರಗಳು. ನಾನು ಮಕ್ತುಮಬಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಕುಬಸ ಹೊಲಿಯುವವಳು. ಗಂಡನ ಹೆಸರು ಬಾಯಲ್ಲಿ ಹೇಳಬಾರದಂತೆ, ಆದರೆ ಬರೆಯಬಾರದೆಂದು ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತೇನೆ: ಟೇಲರ ಲಾಡಲೇಸಾಬರು ನನ್ನ ಯಜಮಾನರು.

ಜೀಪಿಗೆ ಪತ್ರ ಬರೆಯುವಷ್ಟು ನನ್ನ ತಲೆ ಕೆಟ್ಟಿಲ್ಲ. ಕುಡಿತ ಮತ್ತು ಜೂಜು ಬಿಡಿಸಲು ಸರ್ಕಾರ ನಮ್ಮ ಭಾಗಕ್ಕೆ ಕೊಟ್ಟ ಅನುದಾನ ಎಲ್ಲಿ ಹೋಯಿತೆಂದು ಕೇಳಲು ನಾನೂ ನೆರೆಮನೆಯ ತಾಯವ್ವನೂ ಬಸ್ಸು ಹತ್ತಿ ವಿಜಾಪುರದ ಅಥಣಿ ರಸ್ತೆಯಲ್ಲಿರುವ ತಮ್ಮ ಸಮಿತಿಯ ಕಚೇರಿಗೆ ಹೋದಾಗ, ಅಲ್ಲಿಯ ಕ್ಲಾರ್ಕರು ಎಲೆ ಅಡಿಕೆ ಅಗಿಯುತ್ತಲೇ, "ಎಲ್ಲಾ ಜೀಪಿನ ಪೆಟ್ರೋಲಿಗೆ ಹೋಗೇತವ್ವಾ, ಬೇಕಾದ್ರ ಜೀಪಿಗೇ ಕೇಳ ಹೋಗ್ರಿ" ಎಂದು ದಾರಿ ತೋರಿದರು. ದೊಡ್ಡವರ ಮಾತು ಮೀರಬಾರದೆಂದು ತಮ್ಮನ್ನೇ ಕೇಳುತ್ತಿದ್ದೇನೆ.

ನಾವು ಬೇಡಿದ್ದು ಬಹಳ ದೊಡ್ಡದಲ್ಲ. ನಮ್ಮೂರಲ್ಲೊಂದು ತಾಲೀಮಿತ್ತು, ಕುಸ್ತಿಯ ಗರಡಿಮನೆ. ಅದರಲ್ಲಿ ಪಟ್ಟು ಕಲಿಸುವ ವಸ್ತಾದ ಬಸಗೊಂಡಪ್ಪನವರು ಕುಸ್ತಿಯ ಅಂಕಣದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಹದ ಮಾಡಿ, ಒಂದೇ ಒಂದು ಕಟ್ಟಳೆ ಇಟ್ಟಿದ್ದರು: ಸಾರಾಯಿ ಕುಡಿದವನು, ಓಸಿ ಜೂಜಿಗೆ ನಂಬರು ಹಚ್ಚಿದವನು ಆ ದಿನ ಆ ಮಣ್ಣಿಗೆ ಇಳಿಯಬಾರದು. ಯಾರೂ ಯಾರ ಬಾಯಿ ಮೂಸುವುದಿಲ್ಲ, ಕಿಸೆ ತಡಕುವುದಿಲ್ಲ, ಏನೂ ಕೇಳುವುದಿಲ್ಲ. ಹೊರಗೆ ನಿಂತವನನ್ನು ಊರು ನೋಡುತ್ತದೆ, ಅಷ್ಟೇ. ನನ್ನ ಯಜಮಾನರ ಹುಚ್ಚು ಎಂಥದೆಂದರೆ, ಗಿರಾಕಿಯ ಎದೆ ಅಳೆದು ಮೂವತ್ತೆಂಟು ಬಂದರೆ ಮೊದಲು ಮೂವತ್ತೆಂಟಕ್ಕೆ ನಂಬರು ಹಚ್ಚಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕುವವರು. ಅಂಥವರೂ ಆ ಮಣ್ಣಿನ ಅಂಚಿಗೆ ದಿನಾ ನಿಂತು ನಿಂತು, ನಾಚಿ, ಕೊನೆಗೊಂದು ದಿನ ಅಂಗಿ ಬಿಚ್ಚಿ ಒಳಗೆ ಇಳಿದಿದ್ದರು. ಆ ವರ್ಷ ನಮ್ಮ ಮನೆಯಲ್ಲಿ ನಗು ಇತ್ತು ಜೀಪಿನವರೇ, ಎಲ್ಲರ ಅಂಗಿಯೂ ಅವರವರ ಮೈಗೇ ಕೂಡುತ್ತಿತ್ತು.

ಹೋದ ಮಳೆಗಾಲದಲ್ಲಿ ತಾಲೀಮಿನ ಮಾಳಿಗೆ ಬಿತ್ತು, ಗೋಡೆ ಕುಸಿಯಿತು, ಮಣ್ಣು ಹಾಳಾಯಿತು. ಮೇಲೆ ನಾಲ್ಕು ತಗಡು, ಎರಡು ಬಂಡಿ ಕೆಂಪು ಮಣ್ಣು, ಒಂದಿಷ್ಟು ಎಣ್ಣೆ ಮಜ್ಜಿಗೆ ಕೊಡಿಸಿರೆಂದು ಅರ್ಜಿ ಹಾಕಿದೆವು. ಮಜ್ಜಿಗೆ ಹೊಯ್ದರೆ ದುಶ್ಚಟ ಹೋಗುತ್ತದೆಂದು ಯಾವ ನಿಯಮದಲ್ಲೂ ಇಲ್ಲ ಎಂದು ಉತ್ತರ ಬಂತು, ಅದರ ಹಿಂದೆಯೇ ತಾವು ಬಂದಿರಿ.

ಆಹಾ, ತಮ್ಮ ಆಗಮನವನ್ನು ಹೇಗೆ ವರ್ಣಿಸಲಿ! ತಮ್ಮಲ್ಲಿ ಕೂತು ಬಂದ ಸಮಿತಿಯ ಸಾಹೇಬರು ಚಾವಡಿ ಕಟ್ಟೆಯ ಮೇಲೆ ನಿಂತು ಜೂಜಿನಿಂದ ಸಂಸಾರ ಹಾಳಾಗುವ ಬಗೆಯನ್ನು ಎದೆ ಕರಗುವಂತೆ ಹೇಳುತ್ತಿದ್ದರೆ, ಊರ ಗಂಡಸರೆಲ್ಲ ತಮ್ಮ ಬೆನ್ನ ಹಿಂದೆ ಸೇರಿ ತಮ್ಮ ನಂಬರು ಪ್ಲೇಟಿನ ಕೊನೆಯ ಎರಡಂಕಿಯನ್ನು ಭಕ್ತಿಯಿಂದ ಓದುತ್ತಿದ್ದರು. ಏಳು, ನಾಲ್ಕು. ಅವತ್ತು ಓಸಿಯಲ್ಲಿ ಅದೇ ನಂಬರು ಬರಬೇಕೆ ನನ್ನ ಶಿವನೇ! ಮುಂದಿನ ಸಾರೆ ತಾವು ಬರುತ್ತೀರೆಂದು ತಿಳಿದದ್ದೇ ತಡ, ತಿಕೋಟಾದಿಂದ ಸೈಕಲ್ ಮೇಲೆ, ಬಬಲೇಶ್ವರದಿಂದ ಬಂಡಿ ಕಟ್ಟಿಕೊಂಡು ಜನ ಬಂದರು. ಸಾಹೇಬರು ಎಷ್ಟು ಸಾರೆ ಕೆಮ್ಮಿದರು, ಎಷ್ಟು ಗುಟುಕು ನೀರು ಕುಡಿದರು ಎಂಬುದನ್ನೆಲ್ಲ ಬೆರಳಲ್ಲಿ ಎಣಿಸಿಕೊಂಡು ಓಸಿ ಬರೆಯುವವನ ಕಡೆ ಓಡಿದರು. ಆ ಪುಣ್ಯಾತ್ಮ ತಮಗೊಂದು ಚೆಂಡು ಹೂವಿನ ಹಾರವನ್ನೂ ಹಾಕಿದ. ಸಾಹೇಬರು ಅದನ್ನು ಜನಜಾಗೃತಿ ಎಂದು ತಿಳಿದು ಮೇಲಿನವರಿಗೆ ಬರೆದರು. ಅನುದಾನ ಹೆಚ್ಚಾಯಿತು, ತಮ್ಮ ನೆತ್ತಿಗೆ ಎರಡನೆಯ ಧ್ವನಿವರ್ಧಕ ಮಂಜೂರಾಯಿತು. ನನ್ನ ಯಜಮಾನರು ಮಾತ್ರ ಗಿರಾಕಿ ಗುರಣ್ಣನ ಅಂಗಿಯ ತೋಳನ್ನು ತಮ್ಮ ಎಪ್ಪತ್ನಾಲ್ಕರ ಅಳತೆಗೆ ಹೊಲಿದುಬಿಟ್ಟರು. ಆತ ಅದನ್ನು ತೊಟ್ಟು ಕೈ ಹುಡುಕುತ್ತ ತಿರುಗುತ್ತಿದ್ದಾನೆ. ನಗು ಬರುತ್ತದಲ್ಲವೇ? ನನಗೂ ಬಂತು, ಆಮೇಲೆ ಒಲೆಯ ಮುಂದೆ ಕೂತು ಅತ್ತೆ. ಬಿಟ್ಟ ಚಟವನ್ನು ಮತ್ತೆ ಹಿಡಿದ ಮನುಷ್ಯನಿಗೆ ಈಗ ಹೊರಗೆ ನಿಂತು ನಾಚಲಿಕ್ಕೂ ಒಂದು ತಾಲೀಮು ಇರಲಿಲ್ಲ.

ಇಂಥದರಲ್ಲಿ ನಾಲ್ಕು ದಿನದ ಹಿಂದೆ ತಾವು ಮಾಡಿದ ಉಪಕಾರವನ್ನು ಮರೆಯುವುದುಂಟೇ! ಸಾಹೇಬರು ಕಟ್ಟೆಯ ಮೇಲೆ ಭಾಷಣ ಹಚ್ಚಿದಾಗ, ಗೋಡೆ ಬಿದ್ದ ತಾಲೀಮನ್ನು ಖಾಲಿ ಬಯಲೆಂದು ಬಗೆದ ತಮ್ಮ ಡ್ರೈವರರು ತಮ್ಮನ್ನು ಹಿಂದೆ ಹಿಂದೆ ನಡೆಸಿ ಸೀದಾ ಅಂಕಣದ ಮಣ್ಣಿನಲ್ಲೇ ನಿಲ್ಲಿಸಿದರು. ಮಳೆ ಹೊಡೆಯಿತು. ತಾವು ಸಾವಕಾಶವಾಗಿ, ಗೌರವಸ್ಥರು ಗಾದಿಗೆ ಒರಗುವ ಹಾಗೆ, ಹಿಂದಿನ ಗಾಲಿಗಳ ಮೇಲೆ ಕುಳಿತುಬಿಟ್ಟಿರಿ. ಸಾಹೇಬರು ದೂಡಲು ಜನ ಕರೆದರು, ಜನವೂ ಓಡಿ ಬಂದಿತು. ಆಗ ಬಸಗೊಂಡಪ್ಪನವರು ಬಿದ್ದ ಗೋಡೆಯ ಕಲ್ಲಿನ ಮೇಲೆ ಕೂತಲ್ಲಿಂದಲೇ, "ಮಣ್ಣ ಅದ ಐತ್ರೆಪಾ, ಕಟ್ಟಳಿನೂ ಅದ ಐತಿ" ಎಂದರು. ಅಷ್ಟೇ ಅಂದದ್ದು.

ಒಬ್ಬನಾದರೂ ಇಳಿದಿದ್ದರೆ ಕೇಳಿ! ತಮ್ಮ ದರ್ಶನದ ದಿನ ನಂಬರು ಹಚ್ಚದ ಗಂಡಸು ಊರಲ್ಲಿ ಯಾರಿದ್ದಾನು? ಎಲ್ಲರೂ ಅಂಚಿಗೆ ಸಾಲಾಗಿ ನಿಂತು ತಮ್ಮ ತಮ್ಮ ಕಾಲಿನ ಬೆರಳು ನೋಡಿಕೊಂಡರು. ತಮ್ಮನ್ನು ಎಳೆಯಲು ತಂದ ರೈತ ಮಲಕಾಜಪ್ಪನ ಎತ್ತುಗಳು ನಂಬರು ಹಚ್ಚಿರಲಿಲ್ಲ ನಿಜ, ಆದರೆ ಅವುಗಳನ್ನು ಒಳಗೆ ಹೊಡೆಯಬೇಕಾದ ಮಲಕಾಜಪ್ಪ ಹಚ್ಚಿದ್ದ, ತಾನೇ ಒಪ್ಪಿಕೊಂಡು ಎತ್ತು ತಿರುಗಿಸಿಕೊಂಡು ಹೋದ. ಸಾಹೇಬರು ಸಿಟ್ಟಿಗೆದ್ದು ಬೂಟು ಬಿಚ್ಚಿದರು, ಪ್ಯಾಂಟು ಮೊಣಕಾಲಿಗೆ ಏರಿಸಿದರು, ಮಣ್ಣಿನ ಅಂಚಿಗೆ ಬಂದರು, ಅಲ್ಲಿಯೇ ನಿಂತು ಆಕಾಶ ನೋಡಿ ಇನ್ನೂ ಮಳೆ ಬರುವಂತಿದೆ ಎಂದರು.

ಮರುದಿನ ನನ್ನ ಯಜಮಾನರು ಇಡೀ ದಿನ ಮಷೀನು ಬಿಟ್ಟು ಏಳಲಿಲ್ಲ. ಓಸಿ ಬರೆಯುವವನು ಬಾಗಿಲಿಗೇ ಬಂದು ಕೆಮ್ಮಿದರೂ ತಲೆ ಎತ್ತಲಿಲ್ಲ. ಸಂಜೆಗೆ ಅಂಗಿ ಬಿಚ್ಚಿಟ್ಟು, ಊರು ನೋಡುತ್ತಿರುವಾಗ ಒಬ್ಬರೇ ಆ ಮಣ್ಣಿಗೆ ಇಳಿದು ತಮ್ಮ ಬೆನ್ನಿಗೆ ಭುಜ ಕೊಟ್ಟರು. ತಾವು ಒಂದು ಗೇಣೂ ಕದಲಲಿಲ್ಲ. ಅವರು ಮೊಣಕಾಲ ತನಕ ಕೆಸರಾಗಿ ನನ್ನ ಕಡೆ ತಿರುಗಿ ನಕ್ಕರು. ಸುಳ್ಳು ಏಕೆ ಹೇಳಲಿ, ನನಗೆ ಅಳು ತಡೆಯಲಾಗಲಿಲ್ಲ. ಅದರ ಮರುದಿನ ಗುರಣ್ಣ ತನ್ನ ಉದ್ದ ತೋಳು ಮಡಚಿಕೊಂಡು ಇಳಿದ. ನಿನ್ನೆ ಮಲಕಾಜಪ್ಪ ಇಳಿದ. ಭಾಷಣ ಮಾಡುತ್ತ ತಿರುಗಿದಾಗ ಆಗದ ಕೆಲಸವನ್ನು ತಾವು ಸುಮ್ಮನೆ ಕೆಟ್ಟು ಕೂತು ಮಾಡುತ್ತಿದ್ದೀರಿ, ಅದೂ ಒಂದು ಹನಿ ಪೆಟ್ರೋಲು ಕುಡಿಯದೆ.

ಆದ್ದರಿಂದ ತಮ್ಮಲ್ಲಿ ಕೈಮುಗಿದು ವಿನಂತಿಸುವುದೇನೆಂದರೆ, ತಾವು ದಯವಿಟ್ಟು ಕದಲಬಾರದು. ಕುಡಿಯದೆ ಉಳಿಸಿದ ತಮ್ಮ ಪೆಟ್ರೋಲನ್ನು ಮಜ್ಜಿಗೆಯೆಂದು, ಎರಡನೆಯ ಧ್ವನಿವರ್ಧಕವನ್ನು ತಗಡೆಂದು ಬರೆದು ಮಂಜೂರು ಮಾಡಿಸಬೇಕು. ನಮ್ಮ ತಾಲೀಮು ಎದ್ದು ನಿಂತ ಮೇಲೆ ತಾವು ತಿಕೋಟಾಕ್ಕೂ ಬಬಲೇಶ್ವರಕ್ಕೂ ಬಿಜಯಂಗೈದು ಅಲ್ಲಿಯೂ ತಕ್ಕ ಜಾಗ ನೋಡಿ ಹೂತುಕೊಳ್ಳಬೇಕು. ತಮ್ಮ ಸೇವೆಯನ್ನು ಮೆಚ್ಚಿ ಸರ್ಕಾರ ತಮಗೆ ಬಡ್ತಿ ಕೊಟ್ಟು ಲಾರಿ ಮಾಡಲೆಂದು ನಾವು ಹರಕೆ ಹೊರುತ್ತೇವೆ.

ತಮ್ಮ ವಿಶ್ವಾಸಿ,
ಮಕ್ತುಮಬಿ
(ತಮ್ಮ ಗಾಜು ಒರೆಸುವ ಕಡ್ಡಿಗೆ ಈ ಪತ್ರವನ್ನು ಸಿಕ್ಕಿಸಿದವಳು)

ತಾ. ಕ.: ನಂಬರು ಹಚ್ಚದ ಇನ್ನಷ್ಟು ಜನ ಸೇರಿ, ತಮ್ಮನ್ನು ಎತ್ತಲು ಸಾಲುವಷ್ಟು ಗಂಡಸರು ಇಂದು ಸಂಜೆಗೆ ತಯಾರಾಗಿದ್ದರು. ಮಣ್ಣು, ತಗಡು ಬರುವ ತನಕ ಕೈ ಹಚ್ಚಬೇಡಿರೆಂದು ನಾವು ಹೆಣ್ಣುಮಕ್ಕಳೇ ತಡೆದಿದ್ದೇವೆ. ತಮ್ಮ ಸಾಹೇಬರು ಕ್ಷೇಮ, ತಾಯವ್ವನ ಮನೆಯ ರೊಟ್ಟಿ ಉಂಡುಕೊಂಡಿದ್ದಾರೆ. ದಿನಾ ಸಂಜೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಮಣ್ಣಿನ ಅಂಚಿಗೆ ಬಂದು ಹೊರಗೇ ನಿಲ್ಲುತ್ತಾರೆ. ನಾವು ಯಾರೂ ಏನೂ ಕೇಳಿಲ್ಲ.