ಪತ್ರಿಕೆಗೆ ಎರಡು ಮಗ್ಗುಲು

ಚರಿತ್ರೆಯನ್ನು ಕಾಪಾಡುವ ಹುಚ್ಚು ಹಿಡಿದವನಿಗೆ ಮೊದಲು ಬೇಕಾಗುವುದು ಒಂದು ಕತ್ತರಿ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡೆ. ಸ್ವಾತಂತ್ರ್ಯ ಬಂದ ಹೊಸದು. ದಿನಕ್ಕೊಂದು ದೊಡ್ಡ ಸಂಗತಿ ನಡೆಯುತ್ತಿತ್ತು. ಮಾರನೆಯ ದಿನ ಆ ಸುದ್ದಿಯ ಹಾಳೆಯಲ್ಲೇ ಬೋಂಡಾ ಕಟ್ಟಿ ಕೊಡುತ್ತಿದ್ದರು. ಹೀಗೇ ಬಿಟ್ಟರೆ ದೇಶದ ಗತಿಯೇನು ಎಂದು, ಒಂಟಿಕೊಪ್ಪಲಿನ ನಮ್ಮ ನಡುಮನೆಯಲ್ಲಿ ಒಂದು ಪತ್ರಾಗಾರ ಸ್ಥಾಪಿಸಿದೆ. ಪತ್ರಾಗಾರವೆಂದರೆ ಒಂದು ಮರದ ಪೆಟ್ಟಿಗೆ, ಒಂದಷ್ಟು ರಟ್ಟು, ಹುಳ ಬರದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟು. ಅಮ್ಮ ಅದನ್ನು ಕಸದ ಪೆಟ್ಟಿಗೆ ಎನ್ನುತ್ತಿದ್ದಳು. ದೊಡ್ಡ ಕೆಲಸಗಳಿಗೆಲ್ಲ ಮೊದಲು ಸಿಗುವ ಮರ್ಯಾದೆ ಇಷ್ಟೇ.

ಪತ್ರಿಕೆ ಮಾತ್ರ ನಮ್ಮದಲ್ಲ. ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರ ನಂಜುಂಡಪ್ಪನವರು ಓದಿ ಮುಗಿಸಿ, ಕಾಂಪೌಂಡಿನ ಮೇಲಿಂದ ದಾಟಿಸುತ್ತಿದ್ದರು. ತರಿಸುತ್ತಿದ್ದವರು ಅವರು, ಕತ್ತರಿಸುತ್ತಿದ್ದವನು ನಾನು.

ಒಂದು ಬೆಳಿಗ್ಗೆ ಅವರೇ ಬಂದರು. ಪತ್ರಾಗಾರದ ಮೊದಲ ಓದುಗರು. ಕುರ್ಚಿ ಒರೆಸಿ ಹಾಕಿದೆ.

"ನಮ್ಮ ಬೀದಿ ಚರಂಡಿ ಮೇಲೆ ನಾನು ಬರೆದ ಕಾಗದ ಹೋದ ತಿಂಗಳು ಪೇಪರ್‌ನಲ್ಲಿ ಬಂದಿತ್ತಲ್ಲಯ್ಯ, ಅದು ಬೇಕು. ನಾಳೆ ಜಯಲಕ್ಷ್ಮಿಪುರಂನಿಂದ ನಮ್ಮ ಹುಡುಗೀನ ನೋಡೋಕ್ಕೆ ಬರ್ತಾರೆ. ಹುಡುಗನ ತಂದೆ ಭಾರಿ ಓದ್ಕೊಂಡೋರು. ನಾವೂ ನಾಲ್ಕಕ್ಷರ ಬಲ್ಲೋರು ಅಂತ ತೋರಿಸ್ಬೇಡ್ವೇ?"

ಪೆಟ್ಟಿಗೆ ತೆರೆದೆ. ವಿಶ್ವಶಾಂತಿ, ಅಣೆಕಟ್ಟು, ವಿಜ್ಞಾನ ಎಂದು ವಿಭಾಗಗಳಿದ್ದವು. ಚರಂಡಿಗೆ ಒಂದೂ ಇರಲಿಲ್ಲ. ಕೊನೆಗೆ ಆ ದಿನದ ಪತ್ರಿಕೆಯ ಉಳಿಕೆ ಸಿಕ್ಕಿತು. ವಾಚಕರ ಕಾಗದಗಳ ಜಾಗದಲ್ಲಿ ಒಂದು ಕಿಟಕಿಯಿತ್ತು. ಆ ತುಂಡು ಎಲ್ಲಿದೆ ಎಂದು ಆಗ ಹೊಳೆಯಿತು. ಅದರ ಇನ್ನೊಂದು ಮಗ್ಗುಲಲ್ಲಿ ಹಳೆಯ ಪತ್ರಿಕೆಗಳನ್ನು ಕೆಡದಂತೆ ಇಡುವ ಬಗೆ ಎಂಬ ಲೇಖನವಿತ್ತು. ಮೆಚ್ಚಿ ಕತ್ತರಿಸಿದ್ದೆ.

"ನಿಮ್ಮ ಕಾಗದ ಭದ್ರವಾಗಿದೆ ಸಾರ್. ಮುಖ ಮಾತ್ರ ಅಡಿಯಾಗಿದೆ."

"ಹಂಗಂದ್ರೆ?"

"ರಟ್ಟಿಗೆ ಅಂಟಿಸ್ಬುಟ್ಟಿದೀನಿ."

ಅವರು ರಟ್ಟನ್ನು ನೋಡಿದರು, ನನ್ನನ್ನು ನೋಡಿದರು. "ಬೋಂಡಾದೋನಿಗೆ ಕೊಟ್ಟಿದ್ರೂ ಎರಡು ಕಡೆ ಓದಬಹುದಿತ್ತು ಕಣಯ್ಯ."

ಒಳಗಿನಿಂದ ಅಮ್ಮ, "ಇಡ್ಲಿ ಹಬೇಲಿ ಹಿಡಿಯೋ, ಬುಟ್ಕೊಳ್ಳತ್ತೆ" ಎಂದಳು. ಹಿಡಿದೆ. ಬಿಟ್ಟುಕೊಂಡಿತು. ಚರಂಡಿ ಬಂತು, ಸೊಳ್ಳೆ ಬಂತು, ಪುರಸಭೆಯ ನಿರ್ಲಕ್ಷ್ಯವೂ ಬಂತು. ಕೊನೆಯ ಸಾಲಿನ ನಂಜುಂಡಪ್ಪ ಮಾತ್ರ ರಟ್ಟನ್ನು ಬಿಟ್ಟು ಬರಲಿಲ್ಲ.

ಮರುದಿನ ಹುಡುಗನ ತಂದೆ ಆ ತುಂಡನ್ನು ಓದಿ, "ಬಹಳ ಚೆನ್ನಾಗಿದೆ. ಯಾರು ಬರೆದದ್ದು?" ಎಂದರಂತೆ. ನಂಜುಂಡಪ್ಪನವರು ಸಾಕ್ಷಿಗೆ ನನ್ನನ್ನು ಕರೆಸಿದರು.

"ಇವರೇ ಬರೆದದ್ದು ಸಾರ್," ಎಂದೆ.

"ನೀವು ಆಗಲೇ ಓದಿದ್ರಾ?"

"ಇಲ್ಲ ಸಾರ್. ನಾನು ಓದಿದ್ದು ಹಿಂದುಗಡೇದು."

ಹುಡುಗನ ತಂದೆ ಕಾಫಿ ಚೆಲ್ಲುವಂತೆ ನಕ್ಕರು. ಹುಡುಗಿ ಒಪ್ಪಿಗೆಯಾದಳು, ಕಾಗದ ನಂಜುಂಡಪ್ಪನವರದೆಂಬ ಮಾತು ಆಗಲಿಲ್ಲ. ಆ ಸಿಟ್ಟಿಗೆ ನಂಜುಂಡಪ್ಪನವರು ಪತ್ರಿಕೆಗೆ ಇನ್ನೊಂದು ಕಾಗದ ಬರೆದರು. ಪರರ ಪತ್ರಿಕೆಗೆ ಕತ್ತರಿ ಹಾಕುವ ಅರೆಬೆಂದ ಯುವಕರ ಉಪದ್ರವದ ಮೇಲೆ. ಅಚ್ಚಾಯಿತು. ನನ್ನ ಹೆಸರಿರಲಿಲ್ಲವಾದರೂ ಬೀದಿಗೆಲ್ಲ ಗೊತ್ತಾಯಿತು. ಅಂಗಡಿಗೆ ಓಡಿ, ನನ್ನದೇ ಕಾಸು ಕೊಟ್ಟು ಎರಡು ಪ್ರತಿ ತಂದೆ; ಒಂದು ಈ ಮಗ್ಗುಲಿಗೆ, ಇನ್ನೊಂದು ಆ ಮಗ್ಗುಲಿಗೆ. ಬೇರೆಯವರ ವಿಷಯವಾಗಿದ್ದರೆ ಒಂದೇ ಸಾಕಾಗುತ್ತಿತ್ತು.