ಹನ್ನೊಂದು ಕಂಬ, ಒಂದು ನಳ

"ಸುಡ್ಲಿ ನಿನ್ನ ಕಂದೀಲು! ಊರ ಮಂದಿಗೆಲ್ಲಾ ಬೆಳಕು ಕೊಡೋ ಗಂಡಸು, ಮನ್ಯಾಗಿನ ಹೆಂಡ್ತಿಗೆ ಒಂದು ಕೊಡ ನೀರಿನ ದಾರಿ ಮಾಡಾಕ ಆಗವಲ್ದು!"

"ಕಾಳವ್ವಾ, ದನಿ ತಗ್ಗಿಸು. ಓಣಿ ಮಂದಿ ಕೇಳತಾರ."

"ಕೇಳ್ಲಿ! ಕೇಳ್ಲಿ ಅಂತನ ಒದರಾಕತ್ತೇನಿ! ನೋಡಿಲ್ಲೆ, ಕೊಡದ ಹೊಟ್ಟಿ ಹೆಂಗ ತಗ್ಗು ಬಿದ್ದೈತಿ ನೋಡು! ಮುಂದಿನ ಓಣಿ ಹೆಂಗಸರು ಒದ್ದು ಪಾಳಿಯಿಂದ ಹೊರಗ ಹಾಕಿದ್ರು. 'ಇದು ನಮ್ಮ ನಳ. ನಿಮಗ ಬೇಕಂದ್ರ ನಿಮ್ಮ ಗಂಡಂದ್ರಿಗೆ ಹೇಳಿ ಹಾಕಿಸಿಕೊಳ್ರಿ' ಅಂದ್ರು. ನನ್ನ ಗಂಡ ಮುನಸಿಪಾಲ್ಟಿಯಾಗ ಅದಾನ ಅಂದೆ. ಏನು ನಗತಾರ ಅಂತೀ! ನಕ್ಕ ನಗಿಗೆ ಅವರ ಟೊಂಕದ ಮ್ಯಾಲಿನ ಕೊಡ ತುಳುಕಿದ್ವು!"

ಮೈಲಾರಪ್ಪ ಮುನಸಿಪಾಲಿಟಿಯಲ್ಲಿ ಇದ್ದದ್ದು ಖರೆ. ಆದರೆ ಎತ್ತಿನ ಗಾಡಿಯ ಕೆಳಗೆ ಕಟ್ಟಿದ ಕಂದೀಲಿನ ಹಾಗೆ ಇದ್ದ. ಗಾಡಿಯ ಜೊತೆಗೆ ಹೋಗುತ್ತಿದ್ದ. ಗಾಡಿ ಎತ್ತ ಹೋಗಬೇಕೆಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಓಣಿಗೂ ಅದರ ಆಚೀಚಿನ ಸಂದಿಗಳಿಗೂ ಸೇರಿ ಹನ್ನೊಂದು ದೀಪದ ಕಂಬಗಳಿದ್ದವು. ದಿನಾ ಸಂಜೆ ಹೆಗಲ ಮೇಲೆ ನಿಚ್ಚಣಿಕೆ ಹೊತ್ತು, ಚಿಮಣಿ ಎಣ್ಣೆಯ ಡಬ್ಬಿ ಹಿಡಿದು, ಹನ್ನೊಂದನ್ನೂ ಹತ್ತಿ ದೀಪ ಹಚ್ಚುವುದು ಅವನ ನೌಕರಿ.

ಈಗಿನವರು ಗುಂಡಿ ಒತ್ತುತ್ತಾರೆ, ಊರು ಝಗ್ಗನೆ ಬೆಳಗುತ್ತದೆ, ಒಬ್ಬನೂ ತಲೆ ಎತ್ತಿ ನೋಡುವುದಿಲ್ಲ. ನೋಡಲು ಅದರಲ್ಲಿ ಏನಿದೆ, ಮಣ್ಣು! ಸಾವಿರದ ಒಂಬೈನೂರ ಮೂವತ್ತರ ಆ ವರ್ಷಗಳಲ್ಲಿ ಮೈಲಾರಪ್ಪನ ನಿಚ್ಚಣಿಕೆ ಕಂಬಕ್ಕೆ ತಾಗಿದ ಟಕ್ ಎಂಬ ಸಪ್ಪಳ ಕೇಳಿದರೆ ಸಾಕು, ಹೆಂಗಸರು ಒಲೆ ಹೊತ್ತಿಸುತ್ತಿದ್ದರು, ನೇಕಾರರು ಮಗ್ಗ ನಿಲ್ಲಿಸುತ್ತಿದ್ದರು, ಓಣಿಯ ಮುದುಕರು ಕಟ್ಟೆಯ ಮೇಲೆ ತಮ್ಮ ತಮ್ಮ ಜಾಗಕ್ಕೆ ಬಂದು ಕೂಡುತ್ತಿದ್ದರು. ಓಣಿಯಲ್ಲಿ ಗಡಿಯಾರ ಇದ್ದ ಮನೆಗಳು ಎರಡೇ. ಎರಡೂ ನಿಂತಿದ್ದವು. ಆದರೂ ಯಾರ ಕೆಲಸವೂ ಹೊತ್ತು ತಪ್ಪುತ್ತಿರಲಿಲ್ಲ.

ಆದರೆ ಆ ಮುಂಜಾನೆ ಮೈಲಾರಪ್ಪನ ಬಾಯಿ ತಪ್ಪಿತು.

"ನಳ ಅಂದ್ರ ಗಿಡದಾಗಿನ ಮಾವಿನ ಹಣ್ಣೇನು, ಹರಕೊಂಡು ಬರಾಕ?" ಎಂದು ಹೆಂಡತಿಯ ಬಾಯಿ ಮುಚ್ಚಿಸಲು ಹೋದ. "ಅದು ಬಜೆಟ್‌ನ್ಯಾಗ ಬರಬೇಕು. ಇವತ್ತ ಮಧ್ಯಾಹ್ನ ಬಜೆಟ್ ಸಭಾ. ಇವತ್ತ ಬರೀಲಿಲ್ಲಂದ್ರ ಇನ್ನೊಂದು ವರ್ಷ ಯಾರೂ ಕೇಳೂದಿಲ್ಲ."

"ಇವತ್ತ ಐತಿ?" ಕಾಳವ್ವ ಕೊಡ ಕೆಳಗಿಟ್ಟಳು. "ಹಂಗಾರ ಇವತ್ತನ ಬರಸು."

ಗೋಡೆಯಾಚೆಯಿಂದ ರೆಹಮತ್‌ಬಿಯ ತಲೆ ಎದ್ದಿತು. "ಏನಂದಿ ಮೈಲಾರಪ್ಪಣ್ಣಾ? ನಳ ಬರತೈತಿ? ಅಲ್ಲಾ ನಿನ್ನ ಛಲೋ ಇಟ್ಟಿರಲಿ!"

ಮೈಲಾರಪ್ಪ ರುಮಾಲು ಸುತ್ತಿಕೊಳ್ಳುವಷ್ಟರಲ್ಲಿ ನಳ ಮಂಜೂರಾದ ಸುದ್ದಿ ಓಣಿಯ ಆ ತುದಿ ಮುಟ್ಟಿತ್ತು. ಮುತ್ತವ್ವ ಎಂಬ ಮುದುಕಿಯಂತೂ ತನ್ನ ಎಮ್ಮೆಯನ್ನೇ ಹಿಡಿದುಕೊಂಡು ಬಂದಳು. "ಎಲ್ಲೆ ಐತೋ ನಳಾ? ಮುಂಜಾನಿಂದ ನೀರು ಕುಡದಿಲ್ಲ ಇದು" ಎಂದಳು. ಇನ್ನೂ ಅರ್ಜಿಯನ್ನೇ ಬರೆದಿಲ್ಲ ಎಂದರೆ ಎಲ್ಲರಿಗೂ ಸಿಟ್ಟು ಬಂತು. ಬಂದ ನಳವನ್ನು ಇವನೇ ಎಲ್ಲೋ ಬಚ್ಚಿಟ್ಟ ಹಾಗೆ ಅವನನ್ನು ನೋಡಿದರು. ಹಿಡಿದುಕೊಂಡು ಬಿಂದುಮಾಧವರಾಯರ ಕಟ್ಟೆಗೆ ನಡೆಸಿದರು.

ರಾಯರು ಕೋರ್ಟಿನಲ್ಲಿ ಮೂವತ್ತು ವರ್ಷ ನಕಲು ಬರೆದು ನಿವೃತ್ತರಾದವರು. ಅರ್ಜಿ ಎಂದರೆ ಅವರಿಗೆ ದೇವರ ಪೂಜೆ, ಮಡಿ ತಪ್ಪಬಾರದು.

"ಎಲ್ಲಾರೂ ಕೂಡೇ ಒದರಬ್ಯಾಡ್ರಿ. ನಾ ಕೇಳಿದ್ದಕ್ಕ ಅಷ್ಟ ಉತ್ತರಾ ಹೇಳ್ರಿ. ನಳ ಯಾರ ಮನಿ ಮುಂದ ಅಂತ ಬರೀಲಿ?"

"ನಮ್ಮ ಮನಿ ಮುಂದ!" ಎಂದರು ಹದಿನೆಂಟು ಮನೆಯವರು.

ರಾಯರು ಲೇಖನಿ ಕೆಳಗಿಟ್ಟರು. "ವಿಚಾರ ಮಾಡ್ರಿ. ನಸುಕಿನ್ಯಾಗ ನಾಲ್ಕಕ್ಕ ಕೊಡ ಬಡಿಯೋ ಸಪ್ಪಳ. ಬಾಗಲಾ ತಗದ್ರ ಮೊಣಕಾಲಮಟ ರಾಡಿ. ಹೆಂಗಸರ ಜಗಳಂತೂ ಹೇಳೂದs ಬ್ಯಾಡ. ಈಗ ಹೇಳ್ರಿ, ಯಾರ ಮನಿ ಮುಂದ?"

ಹದಿನೆಂಟು ಮನೆಯವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮುತ್ತವ್ವ, "ರೆಹಮತ್‌ಬಿ ಬಾಗಲದಾಗ ಅಂಗಳ ದೊಡ್ಡದೈತ್ರಿ" ಎಂದಳು.

"ಬ್ಯಾಡ್ರಿ ರಾಯ್ರ," ಎಂದಳು ರೆಹಮತ್‌ಬಿ, "ಮುತ್ತವ್ವನ ಬಾಗಲದಾಗ ಹಾಕ್ರಿ. ಎಮ್ಮಿಗೂ ಅನುಕೂಲ."

"ನನ್ನ ಎಮ್ಮಿ ಗದ್ಲಾ ಆದ್ರ ಹಾಲು ಬಿಡೂದಿಲ್ಲವಾ! ನಿನಗ ಹಾಲು ಬ್ಯಾಡೇನು?"

ಹೀಗೆ ನಳ ಒಂದೊಂದೇ ಮನೆಯಿಂದ ಹೊರಬಿದ್ದು, ಕಡೆಗೆ ಕುಂಟುತ್ತ ಮೈಲಾರಪ್ಪನ ಬಾಗಿಲಿಗೆ ಬಂದು ನಿಂತಿತು. ರಾಯರು ಹಾಗೆಯೇ ಬರೆದರು.

ಹೆಬ್ಬೆಟ್ಟು ಒತ್ತಲು ಮಸಿ ಬೇಕಲ್ಲ? ರಾಯರು ತಮ್ಮ ಶಾಯಿಯ ದೌತಿಗೆ ಅಷ್ಟು ಬೆರಳು ಅದ್ದಗೊಡಲಿಲ್ಲ. ಮೈಲಾರಪ್ಪ ಓಡಿ ಹೋಗಿ ಒರೆಸಲು ತಂದಿಟ್ಟಿದ್ದ ದೀಪದ ಗಾಜು ತಂದ. ಅದರೊಳಗಿನ ಕಾಡಿಗೆಯನ್ನೇ ಹೆಬ್ಬೆರಳಿಗೆ ಸವರಿಕೊಂಡು ಒತ್ತಿದರು. ಕಾಡಿಗೆ ಹೇಳಿದಲ್ಲಿ ನಿಲ್ಲುತ್ತದೆಯೇ? ಮುತ್ತವ್ವನ ಸೆರಗಿಗೆ ಹತ್ತಿತು, ಎಮ್ಮೆಗೆ ಹತ್ತಿತು. ಎಮ್ಮೆಗೇನೂ ಫರಕು ಬೀಳಲಿಲ್ಲ. ಅರ್ಜಿ ಮಾತ್ರ ರೊಟ್ಟಿ ಹಂಚಿನ ತಳದ ಹಾಗಾಯಿತು.

"ನನ್ನ ಅಕ್ಷರ ಎಲ್ಲೆ ಹೋದ್ವೋ ಹಲ್ಕಟ್ಟಾ!" ಎಂದು ರಾಯರು ಕೂಗುವಷ್ಟರಲ್ಲಿ ಮೈಲಾರಪ್ಪ ಅರ್ಜಿ ಹಿಡಿದುಕೊಂಡು ಓಣಿ ದಾಟಿದ್ದ.

ಮುನಸಿಪಾಲಿಟಿಯ ದೊಡ್ಡ ಕೋಣೆಯಲ್ಲಿ ಬಜೆಟ್ ಸಭೆ ಅರಳೆ ಪೇಟೆಯಲ್ಲಿ ಲಿಲಾವು ಕೂಗಿದ ಹಾಗೆ ನಡೆದಿತ್ತು. ಒಬ್ಬ ಮೆಂಬರು ಅರಳೆ ಗಾಡಿಗಳಿಗೆ ರಸ್ತೆ ಬೇಕೆನ್ನುತ್ತಿದ್ದ. ಇನ್ನೊಬ್ಬ ಗರಡಿ ಮನೆಗೆ ಕೆಂಪು ಮಣ್ಣು ಬೇಕೆನ್ನುತ್ತಿದ್ದ. ಮೂರನೆಯವ, ಈ ಕೋಣೆಯ ಪಂಖಾ ದುರಸ್ತಿ ಮಾಡಿಸದೆ ಯಾವ ಖರ್ಚಿಗೂ ತಾನು ಕೈ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದ. ಆದರೂ ಒಂದು ಮಾತು ಹೇಳಬೇಕು: ಆಗಿನ ಮೆಂಬರುಗಳು ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದು, ಮಧ್ಯಾಹ್ನ ಅದೇ ಮೇಜಿನ ಮೇಲೆ ರೊಟ್ಟಿ, ಪುಂಡಿಪಲ್ಲೆ ಹಂಚಿಕೊಂಡು ತಿಂದು, ಬಾಯಿ ಒರೆಸಿಕೊಂಡು ಮತ್ತೆ ಜಗಳಕ್ಕೆ ಕೂಡುತ್ತಿದ್ದರು. ಈಗಿನವರಿಗೆ ಆ ಜಗಳವೂ ಬರುವುದಿಲ್ಲ, ಆ ಊಟವೂ ಬರುವುದಿಲ್ಲ.

ಓಣಿಯ ಮೆಂಬರು ನೀಲಕಂಠಪ್ಪ. ಅರಳೆ ವ್ಯಾಪಾರದ ದೊಡ್ಡ ಸಾವ್ಕಾರ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ. ಅರ್ಜಿ ಕೈಗೆ ಬಂದೊಡನೆ ಬೆರಳು ಕಪ್ಪಾಯಿತು. ಅದನ್ನು ಒರೆಸಿಕೊಳ್ಳಲು ಹೋಗಿ ಮೀಸೆಯೂ ಕಪ್ಪಾಯಿತು. ಹತ್ತು ವರ್ಷ ಚಿಕ್ಕವನಾಗಿ ಎದ್ದು ನಿಂತು, "ನಮ್ಮ ವಾರ್ಡಿಗೆ ಒಂದು ನಳ ಬೇಕ್ರಿ" ಎಂದ.

ಅಧ್ಯಕ್ಷರು ಕನ್ನಡಕದ ಮೇಲಿನಿಂದ ನೋಡಿದರು. "ಈ ವರ್ಷದ ಕಟ್ಟಳಿ ಎಲ್ಲಾರಿಗೂ ಗೊತ್ತೈತಿ. ಯಾವ ವಾರ್ಡಿನಾಗ ಹೊಸಾ ಖರ್ಚು ಬರಸ್ತೀರಿ, ಆ ವಾರ್ಡಿನಾಗಿಂದ ಅಷ್ಟs ಹಳೇ ಖರ್ಚು ಹೊಡೀಬೇಕು. ನಿಮ್ಮ ವಾರ್ಡಿನಾಗ ಏನು ಹೊಡೀಲಿ, ಹೇಳ್ರಿ."

ನೀಲಕಂಠಪ್ಪನಿಗೆ ತನ್ನ ವಾರ್ಡಿನಲ್ಲಿ ಏನಿದೆ, ಏನಿಲ್ಲ ಎಂಬುದು ಗೊತ್ತಿದ್ದರೆ ತಾನೆ? ಅವನು ಕೂತುಬಿಡುವುದರಲ್ಲಿದ್ದ. ಮೈಲಾರಪ್ಪನಿಗೆ ಕಾಳವ್ವನ ಮುಖ ಕಣ್ಣ ಮುಂದೆ ಬಂತು. ಬರಿಗೈಯಲ್ಲಿ ಓಣಿಗೆ ಹೋಗುವುದಕ್ಕಿಂತ ಕಂಬದಿಂದ ಬೀಳುವುದು ವಾಸಿ ಎನ್ನಿಸಿತು. ಬಾಗಿಲಲ್ಲಿ ನಿಂತಲ್ಲಿಂದಲೇ ಕೂಗಿಬಿಟ್ಟ.

"ದೀಪ ಅದಾವಲ್ರಿ, ಸಾಹೇಬ್ರ!"

ಮೆಂಬರುಗಳೆಲ್ಲ ತಿರುಗಿ ನೋಡಿದರು. ಹದಿನಾರು ವರ್ಷದ ನೌಕರಿಯಲ್ಲಿ ಅಷ್ಟು ರುಮಾಲುಗಳು ಅವನ ಕಡೆಗೆ ಎಂದೂ ತಿರುಗಿರಲಿಲ್ಲ.

"ಯಾಂವಾ ಇಂವಾ? ಒಳಗ ಬಾ. ಏನಂದಿ, ಬಿಡಿಸಿ ಹೇಳು," ಎಂದರು ಅಧ್ಯಕ್ಷರು.

ಮೈಲಾರಪ್ಪನ ಎದೆ ಉಬ್ಬಿತು. "ಹನ್ನೊಂದು ಕಂಬ ಅದಾವ್ರಿ. ಅರ್ಧಾ ತಿಂಗಳು ಬೆಳದಿಂಗಳ ಇರತೈತಿ. ಅಮಾಸಿ ದಿನಾನೂ ನಮ್ಮ ಮಂದಿ ಎಂಟಕ್ಕ ಹಾಸಿಗಿ ಸೇರತಾರ್ರಿ. ಮೂರನೇ ಕಂಬದ ಬೆಳಕು ಮುತ್ತವ್ವನ ಎಮ್ಮಿಗೆ ಬಿಟ್ರ ಯಾರಿಗೂ ಬೀಳೂದಿಲ್ಲ. ಏಳನೇ ಕಂಬದ ಕೆಳಗ ನಾಯಿ ಮಲಗತಾವು; ಬೆಳಕಿಗೆ ನಿದ್ದಿ ಬರವಲ್ದು ಅಂತ ಅವೂ ಬೊಗಳತಾವು. ಖರೇ ಹೇಳ್ತೇನ್ರಿ, ಎಲ್ಲಾ ಕಂಬ ಕಿತ್ತು ಒಗದ್ರೂ ನಮ್ಮ ಓಣ್ಯಾಗ ಒಬ್ಬರೂ ಎಡವೂದಿಲ್ಲ!"

ಸಭೆ ಮೇಜು ಕುಟ್ಟಿ ನಕ್ಕಿತು. ಪಂಖಾದ ಹಟದವನೂ ನಕ್ಕ. "ಇಂಥಾ ಪ್ರಾಮಾಣಿಕ ನೌಕರ ನೋಡ್ರಿ ಬೇಕಾದಾಂವ!" ಎಂದರು ಅಧ್ಯಕ್ಷರು. ನೀಲಕಂಠಪ್ಪ ಅವನ ಬೆನ್ನು ತಟ್ಟಿದ. "ನೀ ನಡಿ ಮನಿಗೆ. ನಳ ಆತಂತ ತಿಳಕೋ. ಸಂಜೀಕ ನಾನs ಬಂದು ಓಣಿ ಮಂದಿಗೆ ಹೇಳ್ತೇನಿ."

ಮೈಲಾರಪ್ಪ ನಡೆಯಲಿಲ್ಲ, ಹಾರಿದ. ಓಣಿಯ ಹೆಂಗಸರು ಆರತಿ ಎತ್ತಿದರು. ರಾಯರು ಅರ್ಜಿಯ ಸಿಟ್ಟು ಮರೆತು, "ನನ್ನ ಒಕ್ಕಣಿಗೆ ಸೋಲಲಾರದ ಕಚೇರಿ ಇಲ್ಲ" ಎಂದರು. ರೆಹಮತ್‌ಬಿ ಶಾವಿಗೆ ಪಾಯಸ ಕೊಟ್ಟು ಕಳಿಸಿದಳು. ಕಾಳವ್ವ ನಳ ಬರುವ ಜಾಗದಲ್ಲಿ ಸಗಣಿ ಸಾರಿಸಿ ರಂಗೋಲಿ ಹಾಕಿದಳು. ಹತ್ತು ವರ್ಷದಲ್ಲಿ ಮೊದಲ ಸಲ ಗಂಡನಿಗೆ, "ಉಣ್ಣೇಳು, ದಣದೀ" ಎಂದಳು. ಆ ಒಂದು ಮಧ್ಯಾಹ್ನ ಮೈಲಾರಪ್ಪ ಪಟ್ಟಕ್ಕೆ ಬಂದ ಅರಸನ ಹಾಗೆ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಪಾಪ, ಕೂತಿರಲಿ.

ಸಂಜೆಗೆ ಅವನು ಮೊದಲ ಕಂಬಕ್ಕೆ ನಿಚ್ಚಣಿಕೆ ಆನಿಸುವ ಹೊತ್ತಿಗೆ ನೀಲಕಂಠಪ್ಪ ಬಂದ. ಮೀಸೆ ಇನ್ನೂ ಕಪ್ಪಾಗಿಯೇ ಇತ್ತು. ಓಣಿಯವರು ಎರಡು ಹಾರ ತಂದಿದ್ದರು. ಒಂದು ಸಾವ್ಕಾರನಿಗೆ, ಒಂದು ಮೈಲಾರಪ್ಪನಿಗೆ.

"ನಳ ಪಾಸಾತು!" ಎಂದ ನೀಲಕಂಠಪ್ಪ. "ಎಲ್ಲಾ ಮೆಂಬರೂ ಕೈ ಎತ್ತಿದ್ರು. ಮಳಿಗಾಲಕ್ಕ ಮೊದಲs ನೀರು ಬರತೈತಿ. ಇದು ಎಲ್ಲಾ ಈ ಮೈಲಾರಪ್ಪನ ಕರಾಮತ್ತು. ಏಪ್ರಿಲ್ ಒಂದನೇ ತಾರೀಖಿಗೆ ಹನ್ನೊಂದೂ ಕಂಬ ತಗೀತಾರ."

"ಹನ್ನೊಂದೂ?" ಎಂದ ಮೈಲಾರಪ್ಪ. "ನಾ ಒಂದೆರಡು ತಗೀತಾರ ಅಂತ ತಿಳಕೊಂಡಿದ್ದೆ."

"ಎಲ್ಲಾ ಕಿತ್ತು ಒಗದ್ರೂ ನಡೀತೈತಿ ಅಂದಿ ಅಲಾ? ಹಂಗs ಬರಕೊಂಡ್ರು. ಆದ್ರ ಬರೇ ಎಣ್ಣೀ ಉಳದ್ರ ನಳದ ಖರ್ಚು ಪೂರಾ ಆಗಲಿಲ್ಲಪಾ. ಸಭಾದಾಗ ಮತ್ತ ಗದ್ಲಾತು. ಕಂಬನs ಇಲ್ಲಂದ ಮ್ಯಾಲೆ ಕಂಬಾ ಹತ್ತಾಂವ ಯಾಕ ಅಂತ ಅಧ್ಯಕ್ಷರು ಕೇಳಿದ್ರು. ನಿನ್ನ ಪಗಾರಾ ಹೊಡದ ಮ್ಯಾಲೆ ನೋಡು, ಸರೀಗೆ ಸರಿ ಕುಂತಿತು!"

ಮೈಲಾರಪ್ಪನ ಕೈಯಲ್ಲಿದ್ದ ಎಣ್ಣೆ ಡಬ್ಬಿ ಕೆಳಗೆ ಬಿತ್ತು.

"ಸಾವ್ಕಾರ್ರ, ನೀವು? ನೀವಾರ ಬ್ಯಾಡ ಅನಲಿಲ್ಲೇನ್ರಿ?"

"ನಾನೂ ಕೈ ಎತ್ತಿದೆ. ನಿಮ್ಮ ಓಣಿ ನಳ ಉಳೀಬೇಕೋ ಬ್ಯಾಡೋ?"

ಮೈಲಾರಪ್ಪ ಅವನ ಕಾಲು ಹಿಡಿದ. "ನಳ ಬ್ಯಾಡ್ರಿ ಯಪ್ಪಾ! ಹೊಡದ ಹಾಕ್ರಿ ಅದನ್ನ!"

ಓಣಿಯೇ ಮೈಮೇಲೆ ಬಿತ್ತು.

"ಏನಂದಿ? ನಳ ಬ್ಯಾಡಾ?" ಮುತ್ತವ್ವ ಕೋಲು ಎತ್ತಿದಳು. "ಬಂದ ನಳಾ ಹೊಳ್ಳಿ ಕಳಸಾಕ ಅದೇನು ನಿಮ್ಮಪ್ಪನ ಆಸ್ತಿ ಏನಲೇ?"

"ನಮ್ಮ ಹೆಬ್ಬೆಟ್ಟ ಏನು ಪುಕ್ಕಟ ಬಿದ್ದಾವಾ?" ಎಂದಳು ರೆಹಮತ್‌ಬಿ.

"ಮಂಜೂರಾದ ಅರ್ಜಿ ಹಿಂದಕ ತಗೊಳ್ಳಾಕ ಕಾಯಿದೇದಾಗ ದಾರಿ ಇಲ್ಲ," ಎಂದರು ರಾಯರು.

ಹಾಕಿದ ಹಾರವನ್ನು ಯಾರೋ ಅವನ ಕೊರಳಿನಿಂದ ತೆಗೆದುಕೊಂಡರು. ಕಾಳವ್ವ ಒಮ್ಮೆ ರಂಗೋಲಿ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. ಆಮೇಲೆ ಸಾವ್ಕಾರನ ಮುಂದೆ ಹೋಗಿ ಸೊಂಟದ ಮೇಲೆ ಕೈ ಇಟ್ಟಳು. "ನೀರು ನಿಮ್ಮದು ಬಂತು. ಅಕ್ಕಿ ಬ್ಯಾಳಿ ಯಾವ ನಳದಾಗ ಬರತಾವ್ರಿ?"

ನೀಲಕಂಠಪ್ಪ ಅರಳೆ ಪೇಟೆಯಲ್ಲಿ ಎಂಥೆಂಥವರಿಗೋ ಉತ್ತರ ಕೊಟ್ಟವನು. ಇದಕ್ಕೂ ಕೊಟ್ಟ. "ನಿನ್ನ ಮಾತು ಖರೇ ಐತವಾ. ಮೈಲಾರಪ್ಪಗ ಬ್ಯಾರೆ ಕೆಲಸಾ ಕೊಡಸೂದು ನನ್ನ ಜವಾಬ್ದಾರಿ. ಅಧ್ಯಕ್ಷರು ಇನ್ನೂ ಕಚೇರ್ಯಾಗ ಅದಾರ. ಕೇಳಿ ಬರ್ತೇನಿ. ನೀವು ಯಾರೂ ಎಲ್ಲೂ ಹೋಗಬ್ಯಾಡ್ರಿ, ಹೀಂಗ ಹೋಗಿ ಹೀಂಗ ಬಂದೆ."

ಧೋತರದ ಚುಂಗು ಎತ್ತಿ ಹಿಡಿದು ನಡೆದ. ನಾಲ್ಕನೆಯ ಕಂಬದ ತನಕ ಬಿಳಿ ರುಮಾಲು ಕಾಣಿಸಿತು. ಆಮೇಲೆ ಕಾಣಿಸಲಿಲ್ಲ, ಆ ಸಂಜೆ ದೀಪ ಹಚ್ಚುವುದನ್ನು ಮೈಲಾರಪ್ಪ ಮರೆತಿದ್ದ.

ಮಳೆಗಾಲಕ್ಕೆ ಮೊದಲೇ ನಳ ಬಂತು. ಕಾಳವ್ವ ಅರಳೆ ಜಿನ್ ಗಿರಣಿಯಲ್ಲಿ ಕೂಲಿಗೆ ಹತ್ತಿದಳು. ನಸುಕಿನಲ್ಲಿ ಎದ್ದು ಹೋದರೆ ಸಂಜೆಯೇ ಬರುತ್ತಿದ್ದಳು. ಮನೆಯಲ್ಲಿ ಉಳಿದವನು ಮೈಲಾರಪ್ಪ. ತನ್ನ ಬಾಗಿಲ ಮುಂದಿನ ನಳಕ್ಕೆ ತಾನೇ ಕೊಡ ಹಿಡಿದು ನಿಲ್ಲುತ್ತಿದ್ದ. ಗಂಡಸರ ಪಾಳಿ ಎಲ್ಲರಿಗಿಂತ ಕಡೆಗೆ ಎಂದು ರೆಹಮತ್‌ಬಿ ಕಟ್ಟಳೆ ಮಾಡಿದ್ದಳು. ಅವನ ಪಾಳಿ ಬರುವ ಹೊತ್ತಿಗೆ ನೀರು ದಾರದ ಹಾಗೆ ಇಳಿಯುತ್ತಿತ್ತು. ಕೊಡ ತುಂಬುವ ತನಕ ಅವನು ಓಣಿಯ ತುದಿಯನ್ನೇ ನೋಡುತ್ತಿದ್ದ.

ಮುಂದಿನ ಚುನಾವಣೆಗೆ ನೀಲಕಂಠಪ್ಪ ಬೇರೆ ವಾರ್ಡಿನಿಂದ ನಿಂತು ಆರಿಸಿ ಬಂದ. ನಮ್ಮ ಓಣಿಗೆ ಮಾತ್ರ, ಹೀಂಗ ಹೋದವ ಹೀಂಗ ಬರಲಿಲ್ಲ.